ಹದಿನಾಲ್ಕಕ್ಕೆ ಮುಗಿಯುವ ನೋಟಿಸ್

ನವೆಂಬರ್ ಹನ್ನೊಂದು, ಮಂಗಳವಾರ ಬೆಳಿಗ್ಗೆ ಓಬರ್‌ಟಾಲ್ ಠಾಣೆ ತೆರೆದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ದೂರು ಕೊಡಲು ಬಂದವನು ಗೊಟ್ಲೋಬ್ ರೋಯ್ಶ್, ಅರವತ್ತೊಂದು ವರ್ಷದ ಬಡಗಿ. ಕೋಟು ಅವನ ಮೈಮೇಲೆ ಬೇರೆಯವರದ್ದನ್ನು ತೊಟ್ಟಂತೆ ಜೋಲುತ್ತಿತ್ತು.

"ನನ್ನ ಉಳಿತಾಯ ಖಾತೆಗೆ ಯಾರೋ ನೋಟಿಸ್ ಕೊಟ್ಟಿದ್ದಾರೆ, ಮೇಡಂ."

ಇನ್ಸ್‌ಪೆಕ್ಟರ್ ಕಾರೀನ್ ಶೆಂಪ್ ಪೆನ್ನು ಎತ್ತಿಕೊಂಡಳು. "ದುಡ್ಡು ಹೋಗಿದೆಯಾ?"

"ಇಲ್ಲ."

"ಸ್ವಲ್ಪವೂ?"

"ಒಂದು ಸೆಂಟೂ ಹೋಗಿಲ್ಲ. ಅದೇ ನಂಗೆ ಭಯ ಆಗ್ತಿರೋದು."

ಅವನದು ಹಳೇ ಕಾಲದ ಖಾತೆ. ತಿಂಗಳಿಗೆ ಎರಡು ಸಾವಿರ ಯೂರೋವರೆಗೆ ಸುಮ್ಮನೆ ತೆಗೆಯಬಹುದು. ಅದಕ್ಕಿಂತ ಹೆಚ್ಚು ಬೇಕೆಂದರೆ ಮೂರು ತಿಂಗಳು ಮೊದಲೇ ಬ್ಯಾಂಕಿಗೆ ನೋಟಿಸ್ ಕೊಡಬೇಕು; ಕೊಡದೆ ತೆಗೆದರೆ ಬಡ್ಡಿಯಲ್ಲಿ ಕಡಿತ. ಹಿಂದಿನ ದಿನ ಅವನು ಮದುವೆಯ ಉಂಗುರಕ್ಕೆಂದು ಸ್ವಲ್ಪ ಹಣ ತೆಗೆಯಲು ಹೋಗಿದ್ದ. ಕೌಂಟರಿನ ಹುಡುಗಿ ಪರದೆ ನೋಡಿ, ಎಲ್ಲಾ ಒಟ್ಟಿಗೇ ತೆಗೀತಿದ್ದೀರಲ್ಲ, ಶುಕ್ರವಾರ ಬರ್ತೀರಾ, ಎಂದು ಕೇಳಿದ್ದಳು.

"ಮರೆತಿರಬಹುದು," ಎಂದಳು ಕಾರೀನ್.

"ಮರೆಯೋದಾ? ನಂಗೆ ಅದು ಜೀವಮಾನದ ದುಡಿಮೆ."

ಕಾನ್‌ಸ್ಟೇಬಲ್ ಫೆರ್ಹಾತ್ ಕಂಪ್ಯೂಟರಿನಿಂದ ತಲೆ ಎತ್ತಿದ. "ಕಳ್ಳ ಮೂರು ತಿಂಗಳು ಮೊದ್ಲೇ ಅರ್ಜಿ ಹಾಕ್ಕೊಂಡು ಬರ್ತಾನೆ ಅಂದ್ರೆ ಅವನು ನಮ್ಮೂರವನೇ ಬಿಡಿ."

ಗೊಟ್ಲೋಬ್ ನಗಲಿಲ್ಲ. ಕಣ್ಣುಜ್ಜಿಕೊಂಡು ಮೇಲಿನ ದೀಪ ನೋಡಿದ. "ನಿಮ್ಮಲ್ಲೂ ದೀಪದ ಸುತ್ತ ಹಳದಿ ಬಳೆ ಕಾಣುತ್ತಲ್ಲ."

"ಎಷ್ಟು ದಿನದಿಂದ ಹಾಗೆ?"

"ಸೆಪ್ಟೆಂಬರಿಂದ ಹೊಟ್ಟೇನೂ ಸರಿಯಿಲ್ಲ, ತಿಂದಿದ್ದು ನಿಲ್ಲಲ್ಲ. ಡಾಕ್ಟ್ರು ಹುಣ್ಣು ಇರ್ಬೇಕು ಅಂದ್ರು. ಪಾಪ, ನನ್ನ ತಂಗಿ ಕಷಾಯ ಕಾಸಿ ಕೊಡ್ತಾಳೆ, ಅದೊಂದು ಇಳಿಯುತ್ತೆ."

ಕಾರೀನ್ ದೂರು ದಾಖಲಿಸಿಕೊಂಡಳು. ಖಾತೆಯ ವಿವರ ನೋಡಲು ಒಪ್ಪಿಗೆ ಬರೆಸಿಕೊಂಡು ಅವನನ್ನು ಮನೆಗೆ ಕಳಿಸಿದಳು. ಹಾಗೆ ಕಳಿಸಿದ್ದಕ್ಕೆ ಆಮೇಲೆ ತನ್ನನ್ನೇ ಬೈದುಕೊಂಡಳು.

ಬ್ಯಾಂಕಿನ ಶಾಖೆಯಲ್ಲಿ ನಡೀನ್ ಎಂಬ ಹುಡುಗಿ ಪರದೆಯನ್ನು ಕಾರೀನ್ ಮತ್ತು ಫೆರ್ಹಾತ್ ಕಡೆ ತಿರುಗಿಸಿದಳು. ಆಗಸ್ಟ್ ಹದಿನಾಲ್ಕು, ಫೋನ್ ಮೂಲಕ, ಪೂರ್ತಿ ಮೊತ್ತ, ನವೆಂಬರ್ ಹದಿನಾಲ್ಕಕ್ಕೆ ಮುಕ್ತ.

"ಕೊಟ್ಟವರು ಯಾರು?"

"ಅದಿಲ್ಲ. ಫೋನಿನಲ್ಲಿ ಗುಟ್ಟಿನ ಪದ ಸರಿಯಾಗಿ ಹೇಳಿದರೆ ಸಾಕು, ಸಾಫ್ಟ್‌ವೇರ್ ಒಪ್ಪಿಕೊಳ್ಳುತ್ತೆ. ಹೆಸರು ಕೇಳೋದೇ ಇಲ್ಲ."

"ಹಕ್ಕು ಯಾರ್ಯಾರಿಗಿದೆ?"

"ಅವರಿಗೆ. ಮತ್ತೆ..." ನಡೀನ್ ಕೀಲಿ ಒತ್ತಿದಳು. "ತಂಗಿ ಎಲ್ಫ್ರೀಡಾಗೆ. ಅಣ್ಣನಿಗೆ ಆಪರೇಷನ್ ಆದಾಗ ಬರೆದುಕೊಟ್ಟಿದ್ದು, ಬಹಳ ಹಿಂದೆ. ಖಾತೆದಾರ ಸತ್ತ ಮೇಲೂ ಚಾಲ್ತಿಯಲ್ಲಿರುತ್ತೆ."

"ಆ ಫೋನ್ ತೆಗೆದುಕೊಂಡವರು ಯಾರು?"

"ನಾನೇ. ನೆನಪಿದೆ, ಹೆಂಗಸಿನ ದನಿ. ನೋಟಿಸ್ ಇಲ್ದೆ ತೆಗೆದ್ರೆ ಎಷ್ಟು ಕಡಿತ ಅಂತ ಕೇಳಿದ್ರು. ಹನ್ನೊಂದು ಯೂರೋ ಚಿಲ್ಲರೆ ಅಂದೆ. 'ಹನ್ನೊಂದು ಯೂರೋ ಏನು ಬಿಟ್ಟಿ ಬಿದ್ದಿದೆಯಾ? ನೋಟಿಸೇ ಹಾಕು ಮಗಳೇ' ಅಂದ್ರು. ಮದುವೆ ಖರ್ಚಿಗೆ ಅಂದ್ಕೊಂಡೆ."

ಗೊಟ್ಲೋಬ್‌ನ ಮದುವೆ ಇಪ್ಪತ್ತೆರಡಕ್ಕೆ ನಿಶ್ಚಯವಾಗಿತ್ತು. ಹುಡುಗಿ ಎಂದರೆ ಹೂವಿನಂಗಡಿಯ ವಿಧವೆ ರೋಸ್ವಿತಾ.

ಜೀಪಿನಲ್ಲಿ ಫೆರ್ಹಾತ್ ನಿಟ್ಟುಸಿರು ಬಿಟ್ಟ. "ಕೇಸೇ ಇಲ್ಲ ಮೇಡಂ. ತಂಗಿಗೆ ಹಕ್ಕಿತ್ತು, ನೋಟಿಸ್ ಕೊಟ್ಲು. ಅಣ್ಣನ ಮದುವೆಗೆ ದುಡ್ಡು ಹೊಂದಿಸಿದ್ದಾಳೆ."

"ಹಾಗಿದ್ರೆ ಅಣ್ಣಂಗೆ ಯಾಕೆ ಹೇಳಲಿಲ್ಲ?"

"ಕದಿಯೋಕೆ ಇರ್ಬೇಕು."

"ಕದಿಯೋಳು ಆಗಸ್ಟಲ್ಲೇ ಕಡಿತ ಕೊಟ್ಟು ತೆಗೆದು ಊರು ಬಿಡ್ತಿದ್ಲು. ಇವಳು ಬಿಡಲಿಲ್ಲ. ಅಣ್ಣನ ಜೊತೆ ಒಂದೇ ಮನೇಲಿ ಕೂತು ಕಾಯ್ತಿದ್ದಾಳೆ." ಕಾರೀನ್ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. "ಶುಕ್ರವಾರ ಇವಳು ದುಡ್ಡು ತೆಗೆದ್ರೆ ಅವನು ಕೇಳಲ್ವಾ? ಆ ಹೊತ್ತಿಗೆ ಕೇಳೋಕೆ ಅವನಿರಲ್ಲ ಅಂತ ಇವಳಿಗೆ ಹೇಗೆ ಗೊತ್ತು?"

ಫೆರ್ಹಾತ್ ಜೀಪನ್ನು ರೋಯ್ಶ್ ಮನೆಯ ಕಡೆ ತಿರುಗಿಸಿದ.

"ನಮ್ಮಪ್ಪನಿಗೆ ಹೃದಯದ ಗುಳಿಗೆ ಹೆಚ್ಚಾದಾಗ ಹೀಗೇ ಅಂತಿದ್ರು, ದೀಪದ ಸುತ್ತ ಹಳದಿ ಬಳೆ ಅಂತ. ವೇಗವಾಗಿ ಓಡ್ಸು," ಎಂದಳು ಕಾರೀನ್.

ರೋಯ್ಶ್ ಮನೆಯ ಮೆಟ್ಟಿಲು ಈಗಷ್ಟೇ ತೊಳೆದಂತಿತ್ತು. ಬಾಗಿಲು ತೆರೆದ ಎಲ್ಫ್ರೀಡಾ ಅವರ ಮುಖ ನೋಡುವ ಮೊದಲು ಬೂಟು ನೋಡಿದಳು.

"ಒರೆಸ್ಕೊಂಡು ಬನ್ನಿ."

ಅಡುಗೆಮನೆಯಲ್ಲಿ ದೀಪ ಹಾಕಿರಲಿಲ್ಲ. ಮಂಜು ಕಿಟಕಿಗೇ ಒರಗಿ ನಿಂತಿತ್ತು. ಗೊಟ್ಲೋಬ್ ಮೇಜಿನ ಮುಂದೆ ಕೂತಿದ್ದ. ಎದುರಿಗೆ ಹಬೆಯಾಡುವ ಲೋಟ. ತುಟಿಯ ಬಣ್ಣ ಬೆಳಿಗ್ಗೆಗಿಂತ ಕೆಟ್ಟಿತ್ತು.

"ತಣ್ಣಗಾಗುತ್ತೆ, ಕುಡಿ," ಎಂದಳು ಎಲ್ಫ್ರೀಡಾ, ಪೊಲೀಸರು ಇಲ್ಲವೆಂಬಂತೆ.

ಅವನ ಕೈ ಲೋಟದ ಕಡೆ ಹೋಯಿತು. ಕಾರೀನ್ ಅದಕ್ಕಿಂತ ಮೊದಲು ಲೋಟ ಎತ್ತಿಕೊಂಡಳು.

"ಕುಡಿದಿದ್ದೀರಾ?"

"ಒಂದು ಗುಟುಕು. ಯಾಕೆ?"

"ಅಮ್ಮಾ, ಇದರ ಉಳಿದದ್ದು ನೀವು ಕುಡೀತೀರಾ?"

ಎಲ್ಫ್ರೀಡಾ ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒಲೆಯ ಸರಳಿಗೆ ಹಾಕಿದಳು. "ನನ್ನ ಹೊಟ್ಟೆ ಚೆನ್ನಾಗಿದೆ."

ಗೊಟ್ಲೋಬ್ ತಂಗಿಯನ್ನೇ ನೋಡಿದ. ಅವಳು ಅವನತ್ತ ತಿರುಗಲಿಲ್ಲ.

ಫೆರ್ಹಾತ್ ಆಂಬುಲೆನ್ಸ್ ಕರೆಸಿದ. ಪಕ್ಕದ ಮನೆಯ ಇಬ್ಬರ ಎದುರು ಪಂಚನಾಮೆ ನಡೆಯಿತು. ಲೋಟ, ಕಷಾಯದ ಪಾತ್ರೆ, ಕಪಾಟಿನ ಹಿಂಬದಿಯಲ್ಲಿದ್ದ ಒಣ ಎಲೆಯ ಗಾಜಿನ ಡಬ್ಬಿ, ಎಲ್ಲಕ್ಕೂ ಮುದ್ರೆ ಒತ್ತಿದರು. ಸಾಕ್ಷಿಗೆ ಬಂದ ನೆರೆಯವಳು, "ಇವಳೇ ಅವನನ್ನು ಸಾಕಿದ್ದು, ತಾಯಿ ಹಾಗೆ," ಎಂದು ಎರಡು ಸಲ ಹೇಳಿದಳು. ಪ್ರಯೋಗಾಲಯದ ವರದಿ ಬರುವವರೆಗೆ ಮನೆಯ ಮುಂದೆ ಒಬ್ಬ ಕಾವಲಿನವನು ನಿಂತ.

ಬುಧವಾರ ಸಂಜೆ ನಾಲ್ಕಕ್ಕೆ ವರದಿ ಬಂತು. ಡಬ್ಬಿಯಲ್ಲಿದ್ದದ್ದು ಕಾಡಂಚಿನಲ್ಲಿ ಕೆನ್ನೀಲಿ ಗಂಟೆಯಂಥ ಹೂ ಬಿಡುವ ಗಿಡದ ಎಲೆ. ಹಿತಮಿತವಾದರೆ ಹೃದಯಕ್ಕೆ ಮದ್ದು, ಮೀರಿದರೆ ಹೃದಯವನ್ನೇ ನಿಲ್ಲಿಸುವಂಥದು. ಅದೇ ಗೊಟ್ಲೋಬ್‌ನ ರಕ್ತದಲ್ಲೂ ಇತ್ತು. ಇನ್ನೊಂದೆರಡು ಲೋಟ ಆಗಿದ್ದರೆ ಕಷ್ಟವಿತ್ತು, ಈಗ ಉಳಿಯುತ್ತಾರೆ ಎಂದರು ವೈದ್ಯರು.

ಕಾರೀನ್, ಫೆರ್ಹಾತ್ ಮನೆಗೆ ಹೋದಾಗ ಎಲ್ಫ್ರೀಡಾ ಆಲೂಗಡ್ಡೆ ಸುಲಿಯುತ್ತಿದ್ದಳು. ಸಿಪ್ಪೆ ಕಾಗದಕ್ಕಿಂತ ತೆಳ್ಳಗಿತ್ತು. ಬಂಧನದ ಮಾತು ಕೇಳಿ ಒಲೆ ಆರಿಸಿ, ಕೋಟು ಹಾಕಿಕೊಂಡು ಬಂದಳು.

ಠಾಣೆಯಲ್ಲಿ ಕಾರೀನ್ ಕೇಳಿದಳು, "ನೋಟಿಸ್ ಕೊಟ್ಟಿದ್ದು ನೀವೇನಾ?"

"ಹೌದು."

"ಅದನ್ನ ಕೊಡದೇ ಇದ್ದಿದ್ರೆ ಯಾರಿಗೂ ತಿಳೀತಿರಲಿಲ್ಲ."

"ಕಡಿತ ಕೊಡೋದು ಪೆದ್ದರು."

"ಅಣ್ಣನನ್ನ ಯಾಕೆ?"

ಹೇಳಿಕೆ ನಿಧಾನವಾಗಿ ಬಂತು. ತಾಯಿ ಸತ್ತ ಮೇಲೆ ಅವಳು ತನ್ನ ಕೆಲಸ ಬಿಟ್ಟು ಅಣ್ಣನ ಮನೆ ನೋಡಿಕೊಳ್ಳಲು ಬಂದಿದ್ದಳು. ಸಂಬಳವಿಲ್ಲ. ಹಳೇ ಬ್ರೆಡ್ಡಿನಿಂದ ಉಂಡೆ ಬೇಯಿಸಿ, ಒಂದೇ ಕೋಣೆಗೆ ಬೆಂಕಿ ಹಾಕಿ, ಹರಿದದ್ದನ್ನು ಹೊಲಿದು ಉಳಿಸಿದ್ದನ್ನು ತಿಂಗಳ ಕೊನೆಗೆ ಅವನ ಕೈಗಿಡುತ್ತಿದ್ದಳು. ಅವನು ಬ್ಯಾಂಕಿಗೆ ಕಟ್ಟುತ್ತಿದ್ದ, ತನ್ನ ಹೆಸರಿಗೆ. ಆಗಸ್ಟಿನಲ್ಲಿ ಒಂದು ದಿನ ಊಟದ ಹೊತ್ತಿಗೆ ಅವನು, ರೋಸ್ವಿತಾ ಬರ್ತಾಳೆ, ನೀನು ಕ್ರಿಸ್‌ಮಸ್ ಒಳಗೆ ಒಂದು ಕೋಣೆ ಹುಡುಕ್ಕೋ, ಬೀರು ಸಾಗಿಸಕ್ಕೆ ನಾನೇ ಬರ್ತೀನಿ ಎಂದಿದ್ದ. ಪ್ರೀತಿಯಿಂದಲೇ ಹೇಳಿದ, ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ರುಜು ಹಾಕಿ ಪೆನ್ನಿನ ಮುಚ್ಚಳ ಮುಚ್ಚಿ ಕೊಟ್ಟಳು. ಜೀಪು ಹತ್ತುವಾಗ ನಿಂತಳು.

"ಶುಕ್ರವಾರ ಅವನು ಆಸ್ಪತ್ರೇಲೇ ಇರ್ತಾನಾ?"

"ಇರ್ತಾರೆ."

"ಹಾಗಾದ್ರೆ ತಿಂಗಳೊಳಗೆ ಹೋಗಿ ತೆಗೀಲಿ ಅಂತ ಹೇಳಿ. ಇಲ್ದಿದ್ರೆ ನೋಟಿಸ್ ಬಿದ್ದುಹೋಗುತ್ತೆ, ಮತ್ತೆ ಮೂರು ತಿಂಗಳು. ಆ ಹೂವಿನವಳು ಕಾಯೋಳಲ್ಲ. ಕಡಿತ ಕೊಟ್ಟೇ ತೆಗೀತಾಳೆ."

ಕಾರೀನ್ ಬಾಗಿಲು ಹಿಡಿದು ನಿಂತಿದ್ದಳು. ಹೇಳ್ತೀನಿ ಎಂದಳು. ಎಲ್ಫ್ರೀಡಾ ತಲೆಯಾಡಿಸಿ, ಸೀಟಿಗೆ ಕೊಳೆಯಾಗದಂತೆ ಕೋಟಿನ ಅಂಚು ಎತ್ತಿಕೊಂಡು ಒಳಗೆ ಕೂತಳು.