ಗಿಣಿಗೇರಾದ ಗುಣಮುಖರು

ಸೋಮವಾರ ಬೆಳಿಗ್ಗೆ 10.20ಕ್ಕೆ ಗಿಣಿಗೇರಾದ ಡಾಕ್ಟರ್ ಸುರೇಖಾ ಠಾಣೆಗೆ ಬಂದು ದೂರು ಕೊಟ್ಟರು. ಅವರ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಹನ್ನೊಂದು ಕಾರ್ಖಾನೆ ಕೂಲಿಗಳ ದಾಖಲೆಯನ್ನು ಯಾರೋ ತಿದ್ದಿದ್ದರು. 'ಧೂಳಿನ ಕೆಮ್ಮು' ಎಂದಿದ್ದಲ್ಲಿ 'ಗುಣಮುಖ' ಎಂದಾಗಿತ್ತು. ಧೂಳಿನ ಕೆಮ್ಮಿನವರಿಗೆ ತಿಂಗಳಿಗೊಮ್ಮೆ 'ತಪಾಸಣೆಗೆ ಬನ್ನಿ' ಎಂದು ಮೊಬೈಲ್ ಸಂದೇಶ ಕಳಿಸುವ ಕಂಪ್ಯೂಟರು ಗುಣಮುಖರನ್ನು ಕೈಬಿಟ್ಟಿತ್ತು. ಅವರಲ್ಲೊಬ್ಬ, ಯಂಕೋಬ, ಈಗ ಕೊಪ್ಪಳದ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲೆ ಉಸಿರಾಡುತ್ತಿದ್ದ.

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಗೋವಿಂದರಾಜ, ಕಾನ್‌ಸ್ಟೇಬಲ್ ನೂರಸಾಬ ಜೀಪು ಹತ್ತಿದರು.

"ಜಡ್ಡಾದವ್ರನ್ನ ಆರಾಮ ಅಂತ ಬರದ್ರ ಕಳ್ಳಗ ಏನ್ ಸಿಗತೈತ್ರಿ ಸಾಹೇಬ್ರ?" ಎಂದ ನೂರಸಾಬ.

"ನಡಿ, ಕ್ಲಿನಿಕ್ಕಿನ್ಯಾಗ ನೋಡೋಣು," ಎಂದರು ಗೋವಿಂದರಾಜ.

ಕ್ಲಿನಿಕ್ಕಿನಲ್ಲಿ ಪಂಚನಾಮೆ ನಡೆಯಿತು. ತಿದ್ದುಪಡಿಯೆಲ್ಲ ನರ್ಸ್ ದೀಪಿಕಾಳ ಪಾಸ್‌ವರ್ಡಿನಿಂದಲೇ ಆಗಿತ್ತು.

"ನೀನ ಮಾಡೀಯೇನವಾ?" ಗೋವಿಂದರಾಜ ಅವಳನ್ನು ಕೇಳಿದರು.

"ಹೌದ್ರಿ."

"ಯಾರ್ ಹೇಳಿದ್ರು?"

"ಯಂಕೋಬಣ್ಣನ ಹೇಣ್ತಿನ್ನ ಕೇಳ್ರಿ."

ಆಸ್ಪತ್ರೆಯಲ್ಲಿ ದುರುಗವ್ವ ಗಂಡನ ಅಂಗಾಲು ತಿಕ್ಕುತ್ತ ಕೂತಿದ್ದಳು.

"ಕಾರ್ಖಾನಿ ಮೇಸ್ತ್ರಿ ನಮ್ಮ ಮಂದಿನ್ನ ಟೆಂಪೋದಾಗ ತುಂಬ್ಕೊಂಡು ಕ್ಲಿನಿಕ್ಕಿಗೆ ಹೋಗಿ ಹೆಸರ ಬರಿಸಿದ್ನರಿ. ಎಲ್ಲಾರಿಗೂ ತನ್ನ ಫೋನ್ ನಂಬರ್ ಕೊಟ್ಟ. ಕೆಮ್ಮಿನ ಮೆಸೇಜ್ ಅವಗ ಬಂತು. ಮರುದಿನ ಗೇಟಿನ್ಯಾಗ ಹೆಸರ ಹಿಡದು ಕರದು, ಕೆಮ್ಮವ್ರು ಮನಿಗೆ ನಡೀರಿ ಅಂದ. ನಾನ ಆ ಹುಡುಗಿ ಕಾಲ ಹಿಡದೆ, ಮೆಸೇಜ್ ನಿಂದರಸವಾ ಅಂತ. ನಿಂತ ಮ್ಯಾಲೆ ಕೆಲಸಕ್ಕ ಕರದ್ನರಿ. ಇವ ಮತ್ತ ಹೋಗಿ ಧೂಳ ನುಂಗಿದ."

ಠಾಣೆಯಲ್ಲಿ ಗೋವಿಂದರಾಜ ದೀಪಿಕಾಳನ್ನು ಕೇಳಿದರು, "ನಂಬರ್ ಬದಲ ಮಾಡಿದ್ರ ಮುಗೀತಿತ್ತಲ್ಲವಾ?"

"ಬದಲ ಮಾಡಾಕ ಒಟಿಪಿ ಬೇಕ್ರಿ. ಅದೂ ಆ ಮೇಸ್ತ್ರಿ ಫೋನಿಗೇ ಬರತೈತಿ."

ಸಂಜೆ 5.40ಕ್ಕೆ ದೀಪಿಕಾಳ ಬಂಧನ. ಕಂಪ್ಯೂಟರಿನಲ್ಲಿ ಈ ಸಂದೇಶಗಳನ್ನು ಮೊದಲು ಶುರು ಮಾಡಿದ್ದೂ ಅವಳೇ. ಅಂದು ಡಾಕ್ಟರ್ ಬೆನ್ನು ತಟ್ಟಿದ್ದರು. ಮರುದಿನ ಹನ್ನೊಂದು ಒಲೆಗಳು ಆರಿದ್ದವು. ಅದನ್ನು ಸರಿಮಾಡಲು ಹೋಗಿಯೇ ಅವಳು ಈ ಬೆಂಚಿಗೆ ಬಂದಿದ್ದಳು. ದಾಖಲೆ ತಿದ್ದಿದ ಕೈಗೆ ಕಾನೂನಿನಲ್ಲಿ ಕಲಂ ಇತ್ತು. ಕೂಲಿಗಳ ಎದೆಗೂಡಿಗೆ ಧೂಳು ತುಂಬಿದವರಿಗೆ, ಕೆಮ್ಮಿದ್ದಕ್ಕೆ ಗೇಟು ಮುಚ್ಚಿದವನಿಗೆ ಯಾವ ಕಲಂ ಎಂದು ಗೋವಿಂದರಾಜ ಪುಸ್ತಕ ತಿರುವಿದರು. ಸಿಗಲಿಲ್ಲ.

ಸಾಕ್ಷಿಯಾಗಿ ಬಂದ ಮೇಸ್ತ್ರಿ ಪ್ರಭುರಾಜ ಎದುರಿನ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದ. ಅವನ ಮೊಬೈಲು ಸದ್ದು ಮಾಡಿತು. ಕ್ಲಿನಿಕ್ಕಿನಲ್ಲಿ ಡಾಕ್ಟರ್ ದಾಖಲೆಗಳನ್ನು ಮೊದಲಿನಂತೆ ಸರಿಪಡಿಸಿದ್ದರು.

"ಯಂಕೋಬ ಅವರೇ, ತಪಾಸಣೆಗೆ ತಪ್ಪದೆ ಬನ್ನಿ," ಎಂದು ಮೇಸ್ತ್ರಿ ಓದಿದ. ಮತ್ತೆ ಸದ್ದು. ಮತ್ತೊಂದು ಹೆಸರು.

"ಆ ಫೋನ್ ಇಲ್ಲಿಡು," ಎಂದರು ಗೋವಿಂದರಾಜ.

"ಯಾವ ಕಲಮಿನ್ಯಾಗ್ರಿ, ಸಾಹೇಬ್ರ?"

ಇನ್‌ಸ್ಪೆಕ್ಟರ್ ಮತ್ತೆ ಪುಸ್ತಕ ಎಳೆದುಕೊಂಡರು. ಮೊಬೈಲು ಸದ್ದು ಮಾಡುತ್ತಲೇ ಇತ್ತು.

ಬೆಂಚಿನಿಂದ ದೀಪಿಕಾ ಎದ್ದು ನಿಂತಳು. "ಯಾರರ ಅದನ್ನ ನಿಂದರಸ್ರಿ. ನಾಳಿ ಎಲ್ಲಾರೂ ಗೇಟಿನ ಹೊರಗ ನಿಂತಿರ್ತಾರ."