ಅಂಗೈಯಗಲದ ಪಿಸ್ತೂಲು

“ಮತ್ತೆ ಬೆಚ್ಚಿಬಿದ್ದೆ ನೋಡು!”

ಬೆನ್ನ ಹಿಂದಿನಿಂದ ಹಾರ್ಲನ್ ಕೂಗಿದ.

ರೊವೀನಾ ಹಲ್ಲು ಕಚ್ಚಿದಳು. ಕಿವಿಗೆ ದಪ್ಪನೆಯ ಮುಚ್ಚಳಗಳನ್ನು ಹಾಕಿಕೊಂಡಿದ್ದರೂ ಆ ಒಂದು ಮಾತು ಮಾತ್ರ ಹೇಗೋ ನುಸುಳಿ ಬರುತ್ತಿತ್ತು. ಪಿಸ್ತೂಲಿನಲ್ಲಿ ತುಂಬಿದ್ದ ಗುಂಡುಗಳೆಲ್ಲ ಮುಗಿದಿದ್ದವು. ಎದುರಿನ ಗುರಿಯ ಕಾಗದದಲ್ಲಿ ಎರಡೇ ತೂತು, ಅವೂ ಎಡಗಡೆಯ ಕೆಳಮೂಲೆಯಲ್ಲಿ. ನಡುವಿನ ಕಪ್ಪು ವೃತ್ತಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

“ರೋ, ಟ್ರಿಗರ್ ಜಗ್ಗಬೇಡ, ಒತ್ತು! ಮೆಲ್ಲಗೆ ಒತ್ತು!”

“ಒತ್ತುತ್ತಾನೇ ಇದೀನಿ!”

“ಎಲ್ಲಿ ಒತ್ತಿದೆ? ಹಾವು ಕಂಡೋರ ಹಾಗೆ ಕೈ ಕೊಡವಿದೆ!”

ಅವಳು ಆ ಪಿಸ್ತೂಲನ್ನು ಮೇಜಿನ ಮೇಲಿಟ್ಟು ದಿಟ್ಟಿಸಿದಳು. ಕಪ್ಪಗೆ, ಹೊಸದಾಗಿ, ಅವಳ ಅಂಗೈಯಷ್ಟೇ ಅಗಲವಾಗಿ ಮಲಗಿತ್ತು. ನೋಡುವುದಕ್ಕೆ ಆಟಿಕೆ. ಹಾರಿಸಿದರೆ ಒದೆಯುವ ಕತ್ತೆ! ಹಿಡಿ ಎಷ್ಟು ಗಿಡ್ಡವೆಂದರೆ ಕಿರುಬೆರಳಿಗೆ ಜಾಗವೇ ಇರಲಿಲ್ಲ. ಮೇಲಿನ ಉಕ್ಕಿನ ಭಾಗವನ್ನು ಹಿಂದಕ್ಕೆಳೆಯಲು ಭುಜದ ಬಲವೆಲ್ಲ ಬೇಕಾಗುತ್ತಿತ್ತು. ಗುಂಡು ತುಂಬಿ ತುಂಬಿ ಹೆಬ್ಬೆರಳು ಬಾತುಕೊಂಡಿತ್ತು.

ಮತ್ತೆ ಇನ್ನೊಂದು ನೋವೂ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

‘ಇದಕ್ಕಾಗಿಯೇ ನಾನು ಆ ನೀಲಿ ಉಡುಪು ಇಸ್ತ್ರಿ ಮಾಡಿಕೊಂಡಿದ್ದೆನೇ?’ ಎಂದುಕೊಂಡಳು.

ಹೋದ ಭಾನುವಾರದ ಮಾತು ಅದು. ಪ್ರಾರ್ಥನೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುವಾಗ ಹಾರ್ಲನ್ ಅವಳ ಬಳಿ ಬಂದು, “ಇವತ್ತು ಊಟಕ್ಕೆ ಬರ್ಲಾ? ನಿಂಗೆ ಏನೋ ಒಂದು ತಂದಿದೀನಿ,” ಎಂದಿದ್ದ. ಹೇಳುವಾಗ ಅವನ ಕಿವಿ ಕೆಂಪಾಗಿತ್ತು. ಗಾಯಕವೃಂದದಲ್ಲಿ ಎಲ್ಲರಿಗಿಂತ ದಪ್ಪ ದನಿ ಅವನದು. ಆ ದಿನ ಆ ದನಿಯೂ ನಡುಗಿತ್ತು.

ಶಾಲಾ ಬಸ್ಸುಗಳನ್ನು ರಿಪೇರಿ ಮಾಡುವ ಈ ಸಾಧು ಮನುಷ್ಯ ಎರಡು ವರ್ಷಗಳಿಂದ ಅವಳ ಮನೆಯ ಸೋರುವ ಮಾಡು, ಕೆಟ್ಟ ಒಲೆ, ಮುರಿದ ಗೇಟು ಎಲ್ಲವನ್ನೂ ಸರಿಮಾಡಿದ್ದ. ಬಾಯಿಬಿಟ್ಟು ಒಂದು ಮಾತು ಮಾತ್ರ ಆಡಿರಲಿಲ್ಲ. ಇವತ್ತು ಆಡುತ್ತಾನೆ... ಖಂಡಿತ ಆಡುತ್ತಾನೆ! ಎಂದುಕೊಂಡು ರೊವೀನಾ ಬೀನ್ಸ್ ಬೇಯಿಸಿದಳು, ಜೋಳದ ರೊಟ್ಟಿ ಸುಟ್ಟಳು, ಸೇಬಿನ ಸಿಹಿ ಮಾಡಿದಳು.

ಊಟವಾದ ಮೇಲೆ ಅವನು ಮೇಜಿನ ಮೇಲೆ ಒಂದು ಪೆಟ್ಟಿಗೆ ಇಟ್ಟ.

ಒಳಗೆ ಪಿಸ್ತೂಲು!

“ನೀನು ಒಬ್ಬಳೇ ಓಡಾಡ್ತೀಯಲ್ಲ...” ಎಂದಿದ್ದ ಹಾರ್ಲನ್, ತಟ್ಟೆಯನ್ನೇ ನೋಡುತ್ತ. “ಒಬ್ಬಳೇ ಇದ್ದಾಗ ಕೈಯಲ್ಲಿ ಏನಾದ್ರೂ ಇರ್ಲಿ ಅಂತ.”

ಒಬ್ಬಳೇ. ಒಂದೇ ಉಸಿರಿನಲ್ಲಿ ಎರಡು ಸಲ ಅಂದಿದ್ದ.

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ರೊವೀನಾ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸು. ವೆಸ್ಟ್ ವರ್ಜಿನಿಯಾದ ಆ ಬೆಟ್ಟಗಳ ಸಂದುಗಳಲ್ಲಿ ಫೋನಿನ ಸಿಗ್ನಲ್ ಇಲ್ಲದ ದಾರಿಗಳೇ ಹೆಚ್ಚು. ತಿಂಗಳ ಹಿಂದೆ ಯಾವನೋ ಒಬ್ಬ ತನ್ನ ಟ್ರಕ್ಕನ್ನು ದಾರಿಗೆ ಅಡ್ಡ ನಿಲ್ಲಿಸಿ, ಅವಳ ಔಷಧಿ ಚೀಲವನ್ನೇ ನೋಡುತ್ತ ನಿಂತಿದ್ದ. ದೇವರು ದೊಡ್ಡವನು, ಹಿಂದಿನಿಂದ ಅಂಚೆಯ ವಾಹನ ಬಂತು. ಅಂದಿನಿಂದ ಹಾರ್ಲನ್‌ಗೆ ಊಟ ಸೇರುತ್ತಿರಲಿಲ್ಲ.

ಅದೆಲ್ಲ ಅವಳಿಗೆ ಗೊತ್ತಿತ್ತು. ಆದರೂ ಉಂಗುರ ಬರಬಹುದೆಂದು ಕಾದ ಹೆಣ್ಣಿನ ಮುಂದೆ ಗುಂಡು ಹಾರಿಸುವ ವಸ್ತು ಇಟ್ಟರೆ ಅವಳು ಏನೆಂದುಕೊಳ್ಳಬೇಕು?

“ಇನ್ನೊಂದ್ಸಲ ತುಂಬು,” ಎಂದ ಹಾರ್ಲನ್.

ತುಂಬಿದಳು. ಎತ್ತಿದಳು. ಬಲಗೈಯ ಮೇಲೆ ಎಡಗೈ ಬಿಗಿದಳು. ಒತ್ತಿದಳು.

ಢಮ್!

ಬೆರಳಿನಿಂದ ಮೊಣಕೈಯವರೆಗೆ ನೋವು ಮಿಂಚಿತು. ಅವಳು ಉಸಿರು ಬಿಗಿಹಿಡಿದಳು. ಗುಂಡು ಕಾಗದದ ಕೆಳಗಿನ ಮಣ್ಣು ಕೆದರಿತು.

“ಬೆಚ್ಚಿದೆ!”

‘ದೇವರೇ, ಈ ಮನುಷ್ಯನ ಬಾಯಿಗೆ ಸ್ವಲ್ಪ ಹೊತ್ತು ಬೀಗ ಹಾಕು!’

“ಎಲ್ರೂ ನಿಲ್ಸಿ! ಖಾಲಿ ಮಾಡಿ, ಕೆಳಗಿಟ್ಟು ಹಿಂದೆ ಸರೀರಿ!”

ಗುಂಡು ಹಾರಿಸಿ ಕಲಿಯುವ ಆ ಜಾಗದ ಒಡತಿ ಮಿಸ್ ಓಪಲ್ ಕೂಗಿದರು. ಎಪ್ಪತ್ತು ದಾಟಿದ ಹೆಂಗಸು; ಮೊಮ್ಮಕ್ಕಳಿದ್ದರೂ ಊರಿಗೆಲ್ಲ ‘ಮಿಸ್’. ಕಲ್ಲಿದ್ದಲು ತೆಗೆದು ಬಿಟ್ಟುಹೋದ ಬೆಟ್ಟದ ಮಗ್ಗುಲಿಗೆ ತಗಡಿನ ಮಾಡು ಹಾಕಿಸಿ, ಊರಿನ ಅರ್ಧ ಜನಕ್ಕೆ ಗುರಿ ಹಿಡಿಯುವುದನ್ನು ಕಲಿಸಿದವರು. ಅವರ ಮಾತಿಗೆ ಅಲ್ಲಿ ಎದುರಿಲ್ಲ. ಗುಂಡಿನ ಸದ್ದು ನಿಂತಿತು. ಕಾಗದ ಬದಲಿಸಲು ಜನ ಮಣ್ಣಿನ ದಿಬ್ಬದತ್ತ ನಡೆದರು.

ರೊವೀನಾ ಕಿವಿಯ ಮುಚ್ಚಳ ಕತ್ತಿಗಿಳಿಸಿ ತನ್ನ ಕಾಗದದ ಮುಂದೆ ನಿಂತಳು. ಹಾರ್ಲನ್ ಜೊತೆಗೆ ಬಂದ.

“ನೋಡು, ಎಲ್ಲಾ ಕೆಳಗೆ, ಎಡಕ್ಕೆ. ಇದ್ರರ್ಥ ಏನಂದ್ರೆ ನೀನು ಭಯಪಡ್ತಿದೀಯ...”

“ನಂಗೇನೂ ಭಯ ಇಲ್ಲ.”

“ಅಂಗಡಿಯವ್ನು ಹೇಳಿದ, ಹೆಂಗಸರ ಕೈಗೆ ಇದೇ ಸರಿ ಅಂತ. ಅಭ್ಯಾಸ ಆದ್ರೆ...”

“ಅಂಗಡಿಯವ್ನ ಕೈಗೆ ಕೊಟ್ಟು ಬಾ ಹಾಗಾದ್ರೆ!”

ಅವಳ ದನಿ ಏರಿತ್ತು. ಪಕ್ಕದ ಕಾಗದದ ಮುಂದಿದ್ದವರು ಮರ್ಯಾದೆಗಾಗಿ ಆಕಾಶ ನೋಡಿದರು.

“ರೋ... ಯಾಕೆ ಇಷ್ಟು ಕೋಪ? ನಿಂಗೆ ರಕ್ಷಣೆ ಇರ್ಲಿ ಅಂತ ತಾನೇ...”

“ನಂಗೆ ಒಂಟಿಯಾಗಿರೋದು ಗೊತ್ತು ಹಾರ್ಲನ್!” ಅವಳು ಅವನತ್ತ ತಿರುಗಿದಳು. “ಡೇಲ್‌ನ ಮಣ್ಣು ಮಾಡಿ ಬಂದ ದಿನದಿಂದ ಅದನ್ನೇ ಕಲೀತಾ ಇದೀನಿ. ಒಬ್ಬಳೇ ಉಂಡಿದೀನಿ, ಒಬ್ಬಳೇ ಜ್ವರದಲ್ಲಿ ಮಲಗಿದೀನಿ. ಅದಕ್ಕೆ ನಿನ್ನ ಪಾಠ ಬೇಡ. ಒಂಟಿಯಾಗಿರೋಕೆ ಸಾಮಾನು ತಂದುಕೊಡೋನು ಬೇಕಾಗಿಲ್ಲ ನಂಗೆ!”

ಹಾರ್ಲನ್‌ನ ಮುಖ ಬಿಳುಚಿತು. ಅವನ ಕಣ್ಣು ಅವಳ ಬಲಗೈ ಮೇಲೆ ಬಿತ್ತು.

“ಟ್ರಕ್ಕಲ್ಲಿ ನೀರಿದೆ. ತರ್ತೀನಿ,” ಎಂದು ಹೊರಟುಹೋದ.

‘ನೀರು! ನಾನು ಎದೆ ಬಿಚ್ಚಿ ಇಟ್ಟರೆ ಇವನು ನೀರು ತರುತ್ತಾನಂತೆ!’

ಅವಳು ಮೇಜಿಗೆ ಮರಳಿ ಕೈ ನೋಡಿಕೊಂಡಳು. ಬಲಗೈಯ ಉಂಗುರದ ಬೆರಳು ಕೆಂಪಗೆ ಊದಿತ್ತು. ಅದರಲ್ಲಿದ್ದದ್ದು ಅವಳ ಮದುವೆಯ ಉಂಗುರ, ಮೇಲೆದ್ದ ಒಂದು ಪುಟ್ಟ ಕಲ್ಲಿನದು. ಗಣಿಯ ಚಾವಣಿ ಕುಸಿದು ಗಂಡ ಡೇಲ್ ಹೋದ ಮೇಲೆ, ಆ ಕಡೆಯ ವಿಧವೆಯರು ಮಾಡುವಂತೆ, ಎಡಗೈಯಿಂದ ಬಲಗೈಗೆ ಹಾಕಿಕೊಂಡಿದ್ದಳು. ಪಿಸ್ತೂಲು ಒದ್ದಾಗಲೆಲ್ಲ ಉಂಗುರ ತಿರುಗಿ ಆ ಕಲ್ಲು ಬೆರಳಿನೊಳಕ್ಕೆ ಕಚ್ಚುತ್ತಿತ್ತು. ಈಗ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು.

ಅಗಲಿದವರನ್ನು ದೇವರ ಕೈಗೆ ಒಪ್ಪಿಸಿದೆವೆಂದು ನಾವು ಹೇಳುತ್ತೇವೆ. ಆದರೆ ಅವರು ಮುಟ್ಟಿದ ವಸ್ತುವನ್ನು ಒಪ್ಪಿಸುವುದು ಅಷ್ಟು ಸುಲಭವಲ್ಲ. ಪಾತ್ರೆ ತೊಳೆಯುವಾಗಲೂ, ಹಿಟ್ಟು ನಾದುವಾಗಲೂ ರೊವೀನಾ ಅದನ್ನು ತೆಗೆದಿರಲಿಲ್ಲ. ನೋಯುತ್ತದೆ ಎಂದು ಹೇಳಿದರೆ ತೆಗಿ ಎನ್ನುತ್ತಾರೆ. ತೆಗಿ ಎಂದರೆ ತಾನು ಏನು ಮಾಡಬೇಕು? ಅದು ಅವಳಿಗೇ ತಿಳಿಯದು.

“ಏನು ಮಗಳೇ, ಆ ಇಲಿಮರಿ ಕಚ್ತಾ ಇದೆಯಾ?”

ಮಿಸ್ ಓಪಲ್ ಪಕ್ಕಕ್ಕೆ ಬಂದಿದ್ದರು. ರೊವೀನಾ ಕೈ ಮುಚ್ಚಿಕೊಂಡಳು. ಆದರೆ ಆ ಕಣ್ಣುಗಳಿಗೆ ಏನೂ ತಪ್ಪುತ್ತಿರಲಿಲ್ಲ.

“ನನ್ನ ಕೈಲಾಗಲ್ಲ ಮಿಸ್ ಓಪಲ್. ಬಿಟ್ಟುಬಿಡ್ತೀನಿ.”

“ಚಿಕ್ಕದಾದಷ್ಟೂ ಒದೆಯೋದು ಜಾಸ್ತಿ. ಗಂಡಸರಿಗೆ ಇದು ತಲೆಗೇ ಹೋಗಲ್ಲ. ಸಣ್ಣ ಕೈಗೆ ಸಣ್ಣದು ಅಂತ ತಂದುಕೊಡ್ತಾರೆ.” ಅವರು ಅವಳ ಕತ್ತಿನಲ್ಲಿದ್ದ ಮುಚ್ಚಳಗಳನ್ನು ತೆಗೆದುಕೊಂಡು ತಮ್ಮವನ್ನು ಕೊಟ್ಟರು. “ಇದನ್ನ ಹಾಕ್ಕೋ. ಬ್ಯಾಟರೀದು. ಗುಂಡಿನ ಸದ್ದು ತಡೆಯುತ್ತೆ, ಮಾತನ್ನ ದೊಡ್ಡದು ಮಾಡುತ್ತೆ. ನನ್ನಂಥ ಅರೆಕಿವುಡಿಗೆ ಮೊಮ್ಮಗಳು ತಂದುಕೊಟ್ಟಿದ್ದು.”

“ನಂಗೆ ಯಾಕೆ?”

“ಹಾಕ್ಕೋ ಅಂದೆನಲ್ಲ!”

ಅವಳು ಹಾಕಿಕೊಂಡಳು. ಮತ್ತೆ ಹಾರಿಸಬಹುದೆಂದು ಓಪಲ್ ಕೂಗಿ ಹೇಳಿದರು. ರೊವೀನಾ ದಿಬ್ಬದ ಕಡೆ ತಿರುಗಿ, ಪಿಸ್ತೂಲಿನಿಂದ ಕಳಚಿದ ಖಾಲಿ ಮ್ಯಾಗಜೀನಿಗೆ ಗುಂಡು ತುಂಬತೊಡಗಿದಳು. ಜಲ್ಲಿಕಲ್ಲಿನ ಮೇಲೆ ಹಾರ್ಲನ್ ನಡೆದು ಬರುವ ಸದ್ದು ಕಿವಿಯೊಳಗೇ ಕೇಳಿಸಿತು.

“ಬಾಪ್ಪಾ ಪಂಡಿತ,” ಎಂದರು ಓಪಲ್. ಅವನು ಬಳಿ ಬಂದು ನಿಂತ. “ಒಂದು ಕೇಳ್ತೀನಿ. ಯಾರೇ ಹೊಸಬರು ಬಂದ್ರೂ ನೀನು ಮೊದಲು ಏನು ಹೇಳ್ತೀಯ?”

“ಕನ್ನಡಕ ಹಾಕಿ, ಕಿವಿ ಮುಚ್ಚಿ...”

“ಆಮೇಲೆ?”

ಹಾರ್ಲನ್‌ನ ಬೂಟು ಜಲ್ಲಿಯನ್ನು ಕೆದಕಿದ ಸದ್ದು ಕೇಳಿಸಿತು.

“ಉಂಗುರ ತೆಗೀರಿ ಅಂತೀಯ. ಪಾದ್ರಿಯವರ ಕೈಯಿಂದಲೂ ತೆಗೆಸಿದೀಯ! ಇವಳಿಗೆ ಯಾಕೆ ಹೇಳ್ಲಿಲ್ಲ? ಅವಳ ಬೆರಳು ನೋಡಿದೀಯಾ?”

ರೊವೀನಾಳ ಕೈ ಗುಂಡಿನ ಮೇಲೆಯೇ ನಿಂತಿತು.

“ಮೆಲ್ಲಗೆ ಮಿಸ್ ಓಪಲ್...”

“ಅವಳ ಕಿವಿ ಮುಚ್ಚಿದೆ. ನೀನು ಹೇಳು.”

ಹಾರ್ಲನ್ ದೀರ್ಘವಾಗಿ ಉಸಿರುಬಿಟ್ಟ. ಆ ಉಸಿರೂ ಅವಳಿಗೆ ಕೇಳಿಸಿತು!

“ಅದು ಡೇಲ್ ಹಾಕಿದ ಉಂಗುರ. ತೆಗಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ನಾನು ಆ ಮಾತು ಹೇಳಿದ್ರೆ ಅದು ಗುಂಡು ಹಾರಿಸೋ ಮಾತಾಗಿ ಉಳಿಯಲ್ಲ. ನನ್ನ ಸ್ವಾರ್ಥ ಆಗುತ್ತೆ.”

“ಅದಕ್ಕೇ ಬೆಚ್ಚಿದೆ ಬೆಚ್ಚಿದೆ ಅಂತ ಅವಳ ಪ್ರಾಣ ತಿಂದ್ಯಾ?”

“ಏನಾದ್ರೂ ಹೇಳ್ಬೇಕಲ್ಲ!” ಅವನ ದನಿ ಒಡೆಯಿತು. “ಹೋದ ಭಾನುವಾರ ಕೇಳೋಣ ಅಂತಲೇ ಹೋಗಿದ್ದೆ. ಊಟದ ಮುಂಚೆ ಪ್ರಾರ್ಥನೆಗೆ ಕೈ ಮುಗಿದಳು. ಆ ಉಂಗುರ ಕಣ್ಣಿಗೆ ಬಿತ್ತು. ಪಿಸ್ತೂಲು ಕೊಟ್ಟು ಬಂದುಬಿಟ್ಟೆ. ದಿನಾ ಸಂಜೆ ಅವಳ ಕಾರು ನನ್ನ ಮನೆ ಪಕ್ಕದ ಸೇತುವೆ ದಾಟಿದ ಸದ್ದು ಕೇಳೋವರೆಗೂ ನನ್ನ ಜೀವ ಜೀವದಲ್ಲಿರಲ್ಲ. ನನ್ನನ್ನ ಬೇಡ ಅಂದ್ರೂ ಪರವಾಗಿಲ್ಲ, ಅವಳು ಮನೆ ಸೇರ್ಬೇಕು. ಅಷ್ಟೇ.”

ಎದುರಿನ ಕಪ್ಪು ವೃತ್ತ ನೀರಿನಲ್ಲಿ ಬಿದ್ದಂತೆ ಕದಡಿತು.

‘ದಡ್ಡ... ಶುದ್ಧ ದಡ್ಡ! ಮತ್ತೆ ನಾನು? ನಾನು ಕಮ್ಮಿಯೇ?’ ಮನೆಯ ಕೀಲುಗಳಿಗೆಲ್ಲ ಎಣ್ಣೆ ಹಾಕಿದವನು ಈ ಉಂಗುರವೊಂದನ್ನು ಮಾತ್ರ ಮುಟ್ಟದೆ ಕಾದಿದ್ದ. ಅವಳು ಬಾಗಿಲು ಒಳಗಿನಿಂದ ಹಾಕಿಕೊಂಡು, ಯಾರೂ ತಟ್ಟುತ್ತಿಲ್ಲವೆಂದು ಮುನಿಸಿಕೊಂಡಿದ್ದಳು.

ಅವಳು ಪಿಸ್ತೂಲನ್ನು ಮುಟ್ಟಲಿಲ್ಲ. ಮ್ಯಾಗಜೀನನ್ನೂ ಕೆಳಗಿಟ್ಟು ತಿರುಗಿದಳು.

“ಮಿಸ್ ಓಪಲ್, ಪಿಸ್ತೂಲಿಗೆ ಹಾಕೋ ಎಣ್ಣೆ ಸ್ವಲ್ಪ ಕೊಡ್ತೀರಾ?”

ಓಪಲ್ ಜೇಬಿನಿಂದ ಪುಟ್ಟ ಶೀಶೆ ತೆಗೆದುಕೊಟ್ಟರು. ರೊವೀನಾ ಅದನ್ನು ಹಾರ್ಲನ್‌ನತ್ತ ಚಾಚಿದಳು.

“ಬೆರಳು ಊದಿದೆ. ನಂಗೆ ಒಂದೇ ಕೈಯಲ್ಲಿ ಆಗಲ್ಲ. ನೀನೇ ಹಾಕು.”

ಹಾರ್ಲನ್ ಅವಳ ಮುಖ ನೋಡಿದ. ಕಿವಿಯ ಮೇಲಿದ್ದ ಮುಚ್ಚಳ ನೋಡಿದ. ಅವು ಯಾರವೆಂದು ಆಗ ಹೊಳೆಯಿತು.

“ನಿಂಗೆ... ಕೇಳಿಸ್ತಾ?”

“ಪಾದ್ರಿಯವರ ಉಂಗುರದಿಂದ ಹಿಡಿದು ಎಲ್ಲಾ ಕೇಳಿಸ್ತು.”

“ಮಿಸ್ ಓಪಲ್!”

“ನಾನು ಕಿವಿ ಮುಚ್ಚಿದೆ ಅಂದೆ, ಕೇಳ್ಸಲ್ಲ ಅಂದ್ನಾ?” ಎಂದ ಮುದುಕಿ, ದೂರದ ಮೇಜಿನಲ್ಲಿ ಏನೋ ಕೆಲಸವಿದ್ದವರಂತೆ ನಡೆದುಬಿಟ್ಟರು.

ಗ್ರೀಸು ಹಿಡಿದ ಆ ದೊಡ್ಡ ಬೆರಳುಗಳು ಶೀಶೆಯ ಮುಚ್ಚಳ ತಿರುಗಿಸಿದವು. ಒಂದು ಹನಿ ಎಣ್ಣೆ ಬಿತ್ತು. ಅವನು ಉಂಗುರವನ್ನು ಎಳೆಯಲಿಲ್ಲ, ಮೆಲ್ಲಗೆ ತಿರುಗಿಸಿದ. ಗೆಣ್ಣಿನ ಬಳಿ ತಡೆಯಿತು. ಅವಳು ಕಣ್ಣು ಮುಚ್ಚಿದಳು. ‘ಡೇಲ್... ನಿನ್ನನ್ನು ಬಿಟ್ಟುಬಿಡುತ್ತಿಲ್ಲ. ಕೈ ನೋಯುತ್ತಿದೆ, ಅಷ್ಟೇ. ತುಂಬ ದಿನದಿಂದ ನೋಯುತ್ತಿದೆ.’

ಉಂಗುರ ಜಾರಿ ಬಂತು. ಬೆರಳಿನಲ್ಲಿ ಬಿಳಿಯ ಬಳೆಯಂಥ ಗುರುತು ಉಳಿಯಿತು.

“ಎಲ್ಲಿಡ್ಲಿ?” ಎಂದ.

“ನಿನ್ನ ಅಂಗಿ ಜೇಬಲ್ಲಿ. ಗುಂಡಿ ಹಾಕ್ಕೋ. ಕಳೆದ್ರೆ ನಿನ್ನ ಸುಮ್ಮನೆ ಬಿಡಲ್ಲ.”

ಅವನು ಗುಂಡಿ ಹಾಕಿ, ಅದರ ಮೇಲೆ ಅಂಗೈಯಿಟ್ಟುಕೊಂಡ. ಗಂಡು ಮಕ್ಕಳು ಇಗರ್ಜಿಯಲ್ಲಿ ಟೋಪಿ ತೆಗೆದು ಎದೆಗಿಟ್ಟುಕೊಳ್ಳುವ ಹಾಗಿತ್ತು ಅದು.

“ಡೇಲ್ ಒಳ್ಳೆಯವನು,” ಎಂದ.

“ಹೌದು. ನೀನೂ ಕೆಟ್ಟವನಲ್ಲ. ಬಾಯಿ ಒಂದು ಬಿಟ್ಟು.”

ಅವಳು ತಿರುಗಿ ಆ ಹಾಳು ಪಿಸ್ತೂಲಿಗೆ ಮ್ಯಾಗಜೀನ್ ಸಿಕ್ಕಿಸಿ, ಎತ್ತಿ ಹಾರಿಸಿದಳು. ನೋವು ಬರಲಿಲ್ಲ. ಆದರೂ ಕತ್ತೆ ಕತ್ತೆಯೇ! ಒಂದು ಗುಂಡು ವೃತ್ತದ ಅಂಚು ಮುಟ್ಟಿತು, ಉಳಿದವು ಸುತ್ತ ಚದುರಿದವು.

“ಈಗ ನೀನು ಹಾರಿಸು ಪಂಡಿತ.”

ಹಾರ್ಲನ್ ಮುಂದೆ ಬಂದ. ಆ ಗಿಡ್ಡ ಹಿಡಿ ಅವನ ಮುಷ್ಟಿಯಲ್ಲಿ ಮುಳುಗಿಯೇಹೋಯಿತು. ಮೊದಲ ಗುಂಡು ಎಡಕ್ಕೆ. ಎರಡನೆಯದು ಕೆಳಕ್ಕೆ. ಮೂರನೆಯದು ಕಾಗದಕ್ಕೇ ತಗಲಲಿಲ್ಲ.

“ಬೆಚ್ಚಿಬಿದ್ದೆ ನೋಡು!” ಎಂದು ರೊವೀನಾ ಕೂಗಿದಳು. ಪಕ್ಕದ ಮೇಜಿನವರೂ ನಕ್ಕರು.

ಅವನು ಪಿಸ್ತೂಲು ಖಾಲಿ ಮಾಡಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. “ಸೋಮವಾರ ವಾಪಸ್ ಕೊಡ್ತೀನಿ. ನಿನ್ನ ಕೈಗೆ ಕೂರೋದನ್ನ ನೀನೇ ಆರಿಸ್ಕೋ.”

“ಆರಿಸ್ಕೋತೀನಿ. ಅದು ಸೋಮವಾರದ ಮಾತು.” ಅವಳು ಅವನ ಹತ್ತಿರ ಬಂದು ನಿಂತಳು. “ಹೋದ ಭಾನುವಾರದ ಮಾತು ಇನ್ನೂ ಬಾಕಿ ಇದೆಯಲ್ಲ.”

“ಇಲ್ಲೇನಾ? ಇಷ್ಟು ಸದ್ದಲ್ಲೇ?”

“ಮೆಲ್ಲಗೇ ಹೇಳು. ನಂಗೆ ಕೇಳ್ಸತ್ತೆ.”

ಸುತ್ತ ಗುಂಡುಗಳು ಸಿಡಿಯುತ್ತಿದ್ದವು. ಹಾರ್ಲನ್ ಬಗ್ಗಿದ. ತುಟಿ ಅಲುಗಿತೋ ಇಲ್ಲವೋ ಎನ್ನುವಷ್ಟು ಮೆತ್ತಗೆ ಹೇಳಿದ.

“ನನ್ನ ಮದುವೆ ಆಗ್ತೀಯಾ ರೋ?”

ಒಂದೊಂದು ಅಕ್ಷರವೂ ಅವಳ ಕಿವಿಯೊಳಗೆ ಗಂಟೆಯಂತೆ ಮೊಳಗಿತು. ಅವಳು ಮುಚ್ಚಳಗಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

“ಕೇಳಿಸ್ಲಿಲ್ಲ,” ಎಂದಳು. “ಇನ್ನೊಂದ್ಸಲ ಹೇಳು.”