ಬಿಟ್ಟವರು ಸೇರುವ ಮಹಡಿ

“ಇಲ್ಲಿ ಬಿಟ್ಟವರು ಸೇರ್ತಾರಂತಲ್ಲ, ಎಲ್ಲಿ?”

ಭಾನುವಾರ ಬೆಳಿಗ್ಗೆ ಕನ್ನಡಕದ ಅಂಗಡಿಯ ಬಾಗಿಲಲ್ಲೇ ನಿಂತು ಅವನು ಕೇಳಿದ. ಕೊರಳಲ್ಲಿ ತೆಗೆಯಲು ಮರೆತ ದರ್ಜಿಯ ಟೇಪು.

ಫ್ರೇಮುಗಳನ್ನು ಒರೆಸುತ್ತಿದ್ದ ಅವಳ ಕೈ ನಿಂತಿತು. ಗಂಡನ ಮನೆಯಿಂದ ಹೊರಟು ಅಕ್ಕನ ಈ ಅಂಗಡಿ ಸೇರಿದ ಮೇಲೆ ಬೀದಿಯವರು ಬೆನ್ನ ಹಿಂದೆ ಇಟ್ಟ ಹೆಸರೇ ಅದು, ಬಿಟ್ಟವಳು. ಮುಖದ ಮೇಲೆ ಅಂದವನು ಇವನೇ ಮೊದಲು.

“ಹೌದು, ನಾನು ಬಿಟ್ಟವಳೇ. ಏನೀಗ?”

ಜಗಳಕ್ಕೆ ಸಿದ್ಧಳಾಗಿಯೇ ಅಂದಿದ್ದಳು. ಅವನ ಮುಖ ಮಾತ್ರ ಅರಳಿತು.

“ನೀವೂನಾ! ಅಬ್ಬ, ಹೋದ ಜೀವ ಬಂತು. ಬಿಟ್ಟು ಎಷ್ಟು ಕಾಲ ಆಯ್ತು?”

“ವರ್ಷದ ಮೇಲಾಯ್ತು.”

“ವರ್ಷದ ಮೇಲೆ!” ಅವನು ಒಳಗೆ ಬಂದು ಸ್ಟೂಲಿನ ಮೇಲೆ ಕೂತೇಬಿಟ್ಟ. “ಮತ್ತೆ ಬೇಕು ಅಂತ ಒಂದು ಸಲವೂ ಅನ್ನಿಸಲಿಲ್ವಾ?”

ಇಷ್ಟು ಆಸ್ಥೆಯಿಂದ ಅಕ್ಕನೂ ಕೇಳಿರಲಿಲ್ಲ. ಅವಳಿಗೇ ಗೊತ್ತಿಲ್ಲದೆ ನಿಜ ಬಾಯಿಗೆ ಬಂತು. “ಸಂಜೆ ಅನ್ನಿಸ್ತಿತ್ತು. ದೀಪ ಹಾಕೋ ಹೊತ್ತಿಗೆ.”

“ನನಗೂ ಅದೇ ಹೊತ್ತು ಕಷ್ಟ. ಮನೇಲಿ ಇಟ್ಕೊಂಡಿಲ್ಲ ತಾನೇ?”

“ಯಾರನ್ನ?”

“ಬಾಟಲಿನ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗೋಡೆಯ ಕನ್ನಡಿಗಳಲ್ಲಿ ಇನ್ನಷ್ಟು ಜೊತೆ ಕಣ್ಣುಗಳು ಹಾಗೇ ನೋಡಿದವು.

“ನಾನು ಬಿಟ್ಟಿದ್ದು ಗಂಡನ್ನ,” ಅಂದಳು.

ಅವನ ಕಿವಿ ಕೆಂಪಾಯಿತು. ‘ಕುಡಿತ ಬಿಟ್ಟವರ ಗುಂಪೊಂದು ಆ ಬೀದಿಯಲ್ಲಿದೆ, ಹೋಗು’ ಅಂತ ಡಾಕ್ಟರು ಹೇಳಿದ್ದರು. ದಾರಿಯುದ್ದಕ್ಕೂ ಕೇಳುವಾಗ ‘ಕುಡಿತ’ ಅನ್ನುವ ಆ ಮೊದಲ ಮಾತನ್ನು ನುಂಗಿಕೊಂಡೇ ಕೇಳಿದ್ದ.

“ತಪ್ಪಾಯ್ತು. ಇನ್ನೊಂದು ದಿನ ನೋಡ್ತೀನಿ,” ಎನ್ನುತ್ತ ಎದ್ದ.

ಆ ‘ಇನ್ನೊಂದು ದಿನ’ ಅವಳಿಗೆ ಚೆನ್ನಾಗಿ ಗೊತ್ತು. ಅವಳ ಗಂಡ ಕುಡಿತ ಬಿಡುವುದನ್ನು ಅದೇ ದಿನಕ್ಕೆ ತಳ್ಳುತ್ತ ಬಂದವನು. ಇವನು ಈಗ ಬಾಗಿಲು ದಾಟಿದರೆ ಮತ್ತೆ ಬರುವವನಲ್ಲ.

“ನಿಲ್ಲಿ ಮಾರಾಯ್ರೆ. ಭಾನುವಾರ ಒಂದಷ್ಟು ಜನ ಪಕ್ಕದ ಮೆಟ್ಟಿಲು ಹತ್ತಿ ಹೋಗ್ತಾರೆ. ಯೋಗ ಕ್ಲಾಸು ಅಂದ್ಕೊಂಡಿದ್ದೆ. ಆದ್ರೆ ಯಾರ ಹೊಟ್ಟೇನೂ ಕರಗಿಲ್ಲ. ಬನ್ನಿ, ಕೇಳೋಣ.”

ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಕುರ್ಚಿಗಳನ್ನು ದುಂಡಗೆ ಜೋಡಿಸುತ್ತಿದ್ದರು.

“ಕುಡಿತ ಬಿಟ್ಟವರು ಸೇರೋದು ಇಲ್ಲೇನಾ?” ಅವಳೇ ಕೇಳಿದಳು.

“ಬಿಟ್ಟವರೇ ಆಗ್ಬೇಕು ಅಂತಿಲ್ಲಮ್ಮ. ಬಿಡ್ಬೇಕು ಅನ್ನಿಸಿದ್ರೆ ಸಾಕು. ಯಾರಿಗೆ, ನಿನಗಾ ಅವನಿಗಾ?”

“ನನಗೆ,” ಅಂದ ಅವನು. ಆಮೇಲೆ, ಏನನ್ನೂ ನುಂಗದೆ, “ಕುಡಿತ ಬಿಡ್ಬೇಕು.”

ಮುಂದಿನ ಭಾನುವಾರ, ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದೆಂದು ಅವನು ಅವಳಲ್ಲೇ ಕನ್ನಡಕ ಮಾಡಿಸಿದ. ಸಭೆ ಮುಗಿದು ಇಳಿದು ಬರುವಾಗ ಪ್ರತಿ ವಾರವೂ ಅದು ಸಡಿಲ.

“ತಿರುಪು ತಾನಾಗಿ ಇಷ್ಟು ಸಡಿಲ ಆಗಲ್ಲ.”

“ಹೊಲಿಯೋವಾಗ ತಲೆ ಅಲ್ಲಾಡತ್ತೆ.”

“ತಲೆ ಅಲ್ಲಾಡತ್ತಾ, ತಿರುಪಿನ ಮೇಲೆ ಉಗುರು ಆಡತ್ತಾ?”

ಬಿಗಿ ಮಾಡಿ, ಕಡ್ಡಿಗಳನ್ನು ಅವನ ಕಿವಿಯ ಹಿಂದೆ ಕೂರಿಸುವಾಗ ಅವನು ಉಸಿರು ಹಿಡಿಯುತ್ತಿದ್ದ. ಗಾಜಿನ ಆಚೆ ಅವನ ಕಣ್ಣು ಇದ್ದದ್ದಕ್ಕಿಂತ ದೊಡ್ಡದು. ಅವಳು ಮೂಗಿನ ಮೇಲೆ ಕೂತ ಫ್ರೇಮಿನ ನಡುಭಾಗವನ್ನಷ್ಟೇ ನೋಡುತ್ತಿದ್ದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

“ಅಳತೆ ತಗೊಳ್ಳೋದು ದರ್ಜಿ ಕೆಲಸ ಕಣೇ,” ಒಳಗಿಂದ ಅಕ್ಕ. ಅವನು ಹೋದ ಮೇಲೆ ಅಕ್ಕನ ದನಿ ಬೇರೆ. “ಕುಡುಕನ್ನ ಬಿಟ್ಟು ಬಂದು ಮತ್ತೆ ಕುಡುಕನೇ ಬೇಕಾ?”

“ಬಿಡ್ತಾ ಇದ್ದಾನೆ.”

“ನಿನ್ನ ಗಂಡನೂ ಬಿಡ್ತಾನೇ ಇದ್ದ.”

ಅವಳು ತಿರುಪುಗಳ ಡಬ್ಬಿ ಮುಚ್ಚಿಟ್ಟಳು.

ಒಂದು ಭಾನುವಾರ ಅವನು ಅಂಗಡಿಯತ್ತ ತಿರುಗದೆ ಹೋದ. ಮರುದಿನ ಬಂದ. ಕೂರಲಿಲ್ಲ.

“ಗುರುವಾರ ಕುಡಿದೆ. ನಿನ್ನೆ ಮೇಲೆ ಎಲ್ಲರ ಮುಂದೆ ಹೇಳಿದೆ. ನಿಮ್ಮ ಮುಂದೆ ಬಾಯಿ ಬರಲಿಲ್ಲ, ತಲೆ ತಪ್ಪಿಸಿಕೊಂಡೆ.”

“ಈಗ್ಯಾಕೆ ಹೇಳ್ತಿದ್ದೀರಿ?”

“ನಿಮ್ಮನ್ನ ಇಷ್ಟಪಡ್ತೀನಿ. ಇದನ್ನ ಮುಚ್ಚಿಟ್ಟು ಅದನ್ನ ಮಾತ್ರ ಹೇಳೋಕೆ ಮನಸ್ಸು ಬರಲಿಲ್ಲ.”

ಪೆಪ್ಪರ್‌ಮಿಂಟ್ ಅಗಿಯುತ್ತ ‘ಆಣೆಗೂ ಮುಟ್ಟಿಲ್ಲ’ ಅನ್ನುತ್ತಿದ್ದ ಗಂಡನ ಬಾಯಿ ಅವಳಿಗೆ ನೆನಪಾಯಿತು. ಇವನು ಯಾರೂ ಕೇಳದೆಯೇ ಬಂದು ಹೇಳಿದ್ದ.

“ನಂಗೆ ಭಯ ಇದೆ.”

“ನಂಗೂ.”

“ನಾನು ನಿಮಗೆ ಕಾವಲು ಕೂರಲ್ಲ. ಜೇಬು ತಡಕಲ್ಲ, ಬಾಯಿ ಮೂಸಲ್ಲ. ಅದೆಲ್ಲ ಮಾಡಿ ಸಾಕಾಗಿದೆ.”

“ಬೇಡ. ನಾನೇ ಬಂದು ಹೇಳ್ತೀನಿ.”

ಅವಳು ಒರೆಸಿದ ಗಾಜನ್ನೇ ಮತ್ತೆ ಒರೆಸಿದಳು. “ಬುಧವಾರ ಮೇಲೆ ಮನೆಯವರ ಗುಂಪು ಸೇರುತ್ತಂತೆ. ಕುಡಿಯೋರ ಜೊತೆ ಏಗಿದವರದ್ದು. ಮೇಷ್ಟ್ರು ಕರೆದಿದ್ದಾರೆ. ನನಗೂ ಹೇಳ್ಕೊಳ್ಳೋದು ಬೇಕಾದಷ್ಟಿದೆ.”

“ಹೋಗಿ ಮತ್ತೆ.”

“ಯಾರ ಮನೆಯವರು ಅಂತ ಕೇಳಿದ್ರೆ?”

ಅವನು ತಲೆಯೆತ್ತಿದ. “ನಮ್ಮ ಮನೆಯವರು ಅಂತ... ನಾನು ಹೇಳಬಹುದಾ?”

“ಸದ್ಯಕ್ಕೆ ಪಕ್ಕದ ಮನೆಯವರು ಅನ್ನಿ.”

“ಪಕ್ಕದ ಮನೆ ಅಂದ್ರೆ ನಡುವೆ ಒಂದೇ ಗೋಡೆ.”

“ಬಾಗಿಲು ಬೇರೆ ಬೇರೆ.”

“ತಟ್ಟಬಹುದಾ?”

“ಕುಡಿದಿದ್ರೆ ಬೇಡ. ಕುಡಿದೆ ಅಂತ ಹೇಳೋಕಾದ್ರೆ ಮಾರನೇ ದಿನ ತಟ್ಟಿ. ಕುಡಿಯದೆ ಇದ್ದ ದಿನ ಯಾವಾಗ ಬೇಕಾದ್ರೂ.”

ಒಳಗೆ ಅಕ್ಕ ಕೆಮ್ಮಿದಳು. ಅವಳು ತಿರುಗಿ ನೋಡಲಿಲ್ಲ. ಕೌಂಟರಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.